ಟಿಲ್ಲರಾರೋಹಣ

ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಗದ್ದೆ ಮಾಡುವವರಿಗೆ ಟಿಲ್ಲರ್ ಇರುತ್ತದೆ. ನಾಗಮಂಗಲದ ಕಡೆ ಮಳೆ ನಂಬಿ ಕೂತವರಿಗೆ ಟಿಲ್ಲರ್ ಇರುವ ಭಾವ ಇರುತ್ತಾನೆ. ನಮ್ಮದು ಎರಡನೇ ಪಂಗಡ. ನಾಟಿ ಮುಗಿದು ಗದ್ದೆ ಕೆಲಸ ಸಡಿಲವಾದ ಮೇಲೆ ಭಾವನ ಟಿಲ್ಲರ್ ನಮ್ಮ ತೆಂಗಿನ ತೋಟದ ಕಳೆ ಹೊಡೆಯಲು ಬರುತ್ತದೆ. ಅಷ್ಟು ದೂರ ರಸ್ತೆಯಲ್ಲಿ ಓಡಿಸಿಕೊಂಡು ಬಂದರೆ ಓಡಿಸಿದವನ ಕೈ ಒಂದು ವಾರ ತಟ್ಟೆಯ ಮುಂದೂ ನಡುಗುತ್ತಿರುತ್ತದೆ. ಆದ್ದರಿಂದ ಅದು ಟಾಟಾ ಏಸ್ ಹತ್ತಿ, ದಿಬ್ಬಣದ ಬೀಗರ ಹಾಗೆ ಬರುತ್ತದೆ.

ಹತ್ತಿಸುವ ಹೊತ್ತಿಗೆ ಸೇರುವಷ್ಟು ಜನ ಗ್ರಾಮಸಭೆಗೂ ಸೇರುವುದಿಲ್ಲ. ಹ್ಯಾಂಡಲ್ ಹಿಡಿಯುವವನು ಒಬ್ಬ, ಹೇಳುವವರು ಊರೆಲ್ಲ. "ಎಡಕ್ಕೆ ತಗೊಳ್ಲಾ!" "ಬಲಕ್ಕೆ ಬುಡಣ್ಣೋ!" "ರೇಸ್ ಕೊಡು ಮಗ!" "ಕೊಟ್ಟೀಯೆ ಕಣ್ಲಾ, ಡ್ರೈವರ್ ತಲೆ ಮ್ಯಾಲೇ ಹತ್ತುತ್ತದೆ!" ಹಲಗೆ ತರಲು ಹೋದವನು ದನದ ಕೊಟ್ಟಿಗೆಯ ಬಾಗಿಲನ್ನೇ ಕಿತ್ತು ತರುತ್ತಾನೆ. ಆ ಬಾಗಿಲು ಆರಡಿ ಇರುತ್ತದೆ. ಗಾಡಿಯ ತೊಟ್ಟಿಯೋ ಮೊಣಕಾಲಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ, ಸುಮಾರು ಎರಡೂವರೆ ಅಡಿ. ಎತ್ತರದ ನಾಲ್ಕು ಪಟ್ಟಾದರೂ ಹಲಗೆ ಉದ್ದ ಇರಬೇಕು, ಅಂದರೆ ಹತ್ತಡಿ. ಈ ಲೆಕ್ಕ ಹೇಳಿದರೆ, "ನೀವು ಓದಿದೋರು ಸುಮ್ಕಿರಿ" ಎನ್ನುತ್ತಾರೆ.

ಟಿಲ್ಲರ್ ನಾನೂರು ಕೆಜಿಯ ಆಸುಪಾಸು ತೂಗುತ್ತದೆ. ಅದು ಹಲಗೆಯ ತುದಿ ಮುಟ್ಟುತ್ತಲೇ ಗಾಡಿ ಹಿಂದಕ್ಕೆ ಕುಸಿದು ಮೂತಿ ಎತ್ತುತ್ತದೆ. ಬಿಗಿಯಾಗಿ ಕಟ್ಟದ ಹಲಗೆ ಆಗ ಸದ್ದಿಲ್ಲದೆ ಜಾರುತ್ತದೆ. ಹಲಗೆಯನ್ನು ಗಾಡಿಗೆ ಹಗ್ಗದಿಂದ ಬಿಗಿದು, ತೊಟ್ಟಿಯ ಹಿಂಬದಿಯ ಅಡಿಗೆ ಕಲ್ಲು ಆನಿಸಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸುವ ಡ್ರೈವರ್ ಸಿಕ್ಕರೆ ಅವನಿಗೆ ಬಾಡಿಗೆಯ ಜೊತೆ ಒಂದು ಊಟವನ್ನೂ ಹಾಕಬೇಕು. ಇಷ್ಟೆಲ್ಲ ಆದಮೇಲೂ ಮರೆತುಹೋಗುವುದು ಮೂರನೇ ಹಲಗೆ. ಎರಡು ಹಲಗೆ ಎರಡು ಚಕ್ರಕ್ಕೆ ಸರಿ, ಹಿಂದೆ ಹ್ಯಾಂಡಲ್ ಹಿಡಿದು ಹತ್ತುವ ಮನುಷ್ಯ ಕಾಲಿಡುವುದೆಲ್ಲಿ? ಆಂಜನೇಯನಾಗಿದ್ದರೆ ಚಿಂತೆ ಇರಲಿಲ್ಲ.

ಟಿಲ್ಲರಿನ ನಿಜವಾದ ಕುಚೇಷ್ಟೆ ಹ್ಯಾಂಡಲಿನ ಕೆಳಗಿರುವ ಎರಡು ಪುಟ್ಟ ಲಿವರ್‌ಗಳಲ್ಲಿದೆ. ಸಮನೆಲದಲ್ಲಿ ಎಡಗಡೆಯದನ್ನು ಒತ್ತಿದರೆ ಎಡಚಕ್ರಕ್ಕೆ ಎಂಜಿನ್ನಿನ ಬಲ ತಪ್ಪುತ್ತದೆ, ಬಲಚಕ್ರ ತಳ್ಳುತ್ತದೆ, ಟಿಲ್ಲರ್ ವಿನಯದಿಂದ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ತಳ್ಳುವುದಿಲ್ಲ, ತಡೆಯುತ್ತದೆ. ಅಲ್ಲಿ ಎಡ ಒತ್ತಿದಿರೋ, ತಡೆ ತಪ್ಪಿದ ಎಡಚಕ್ರ ಸರ್ರನೆ ಮುಂದೋಡಿ ಇಡೀ ಟಿಲ್ಲರ್ ಬಲಕ್ಕೆ ಹೊರಳುತ್ತದೆ. ಏರುವಾಗ ಒತ್ತಿದರೆ ಅದೇ ಚಕ್ರ ಹಿಂದಕ್ಕೆ ಉರುಳಲು ನೋಡುತ್ತದೆ. ಆದ್ದರಿಂದ ಹಲಗೆಯ ಮೇಲೆ ಲಿವರ್ ಮುಟ್ಟಬಾರದು, ನಡುವೆ ಕ್ಲಚ್ಚನ್ನೂ ಬಿಡಿಸಬಾರದು. ಕೆಳಗೇ ನೇರ ಮಾಡಿಕೊಂಡು ಅತಿ ಸಣ್ಣ ಗೇರಿನಲ್ಲಿ ಮುಂದಕ್ಕೆ ಹತ್ತಿಸುವುದು, ರಿವರ್ಸಿನಲ್ಲಿ ಇಳಿಸುವುದು. ಕೆಳಗೆ ನಿಂತು "ಎಡಕ್ಕೆ, ಬಲಕ್ಕೆ" ಎಂದು ಕೂಗುವವರ ಬಾಯಿಗೂ ಒಂದು ಲಿವರ್ ಇದ್ದಿದ್ದರೆ ಅದನ್ನು ಮಾತ್ರ ಧಾರಾಳವಾಗಿ ಒತ್ತಬಹುದಿತ್ತು.

ಈ ವಿಷಯದಲ್ಲಿ ಹಳ್ಳಿಕಾರ್ ಎತ್ತುಗಳು ಮೇಲು. ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆ ಮುಗಿದು ಗಾಡಿ ತುಂಬುವಾಗ ನೋಡಿ. ಎತ್ತು ಹಲಗೆಯ ಮುಂದೆ ನಿಂತು ಮೂಸುತ್ತದೆ, ಒಂದು ಗೊರಸನ್ನಿಟ್ಟು ಭಾರ ಹಾಕಿ ನೋಡುತ್ತದೆ, ಹಲಗೆ ಅಲ್ಲಾಡಿದರೆ ಕಾಲು ಹಿಂದಕ್ಕೆ. ಯಾರು ಎಷ್ಟೇ ಬಾಲ ಮುರಿಯಲಿ, ತನಗೆ ನಂಬಿಕೆ ಬರುವ ತನಕ ಹತ್ತುವುದಿಲ್ಲ. ಟಿಲ್ಲರಿಗೆ ಡೀಸೆಲ್ ಇದ್ದರೆ ಸಾಕು, ಎತ್ತಿನ ಎಚ್ಚರ ಇಲ್ಲ.

2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಜರುಗಿಸಿ ಕೂರಿಸಿದರು. ಇದು ಗೊತ್ತಾದಂದಿನಿಂದ ನಮ್ಮ ಭಾವ, "ಅಷ್ಟು ದೊಡ್ಡ ಕಟ್ಟಡಾನೇ ಎತ್ತವ್ರೆ, ಇದ್ಯಾವ ಲೆಕ್ಕ" ಎನ್ನುತ್ತಾನೆ. ಅವರಲ್ಲಿ ಜ್ಯಾಕ್‌ಗಳಿದ್ದವು ಭಾವ, ಕೊಟ್ಟಿಗೆ ಬಾಗಿಲಿರಲಿಲ್ಲ.

ಕಡೆಗೆ ಈ ಸಲ ದಾರಿ ತೋರಿಸಿದವನು, ಅಲ್ಲಿಯವರೆಗೆ ಬೀಡಿ ಸೇದುತ್ತ ಬಾಯಿ ಬಿಡದೆ ಕೂತಿದ್ದ ಏಸ್ ಡ್ರೈವರ್. ಗಾಡಿಯನ್ನು ಗದ್ದೆಯ ತುದಿಗೆ ಒಯ್ದ. ಅಲ್ಲೊಂದು ದಿಣ್ಣೆ, ಕೆಳಗೆ ಬಂಡಿದಾರಿ. ದಿಣ್ಣೆಯ ಅಂಚನ್ನು ಕಾಲಿನಿಂದ ತುಳಿದು, ಒದ್ದೆಯಿಲ್ಲ, ಕುಸಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಂಡಿದಾರಿಯಲ್ಲಿ ಗಾಡಿಯನ್ನು ಹಿಂದಿಂದಕ್ಕೆ ತಂದು ಅಂಚಿಗೆ ಆನಿಸಿದ. ತೊಟ್ಟಿಯೂ ದಿಣ್ಣೆಯೂ ಒಂದೇ ಮಟ್ಟ. ನಡುವಿನ ಗೇಣುದ್ದ ಸಂದಿಗೆ ಆ ಬಾಗಿಲನ್ನೇ ಹಾಸಿದ. ಟಿಲ್ಲರ್ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಒಳಗೆ ಹೋಗಿ ನಿಂತಿತು. ಯಾರೂ ಕೂಗಲಿಲ್ಲ, ಕೂಗುವಂಥದ್ದೇನೂ ಆಗಲೇ ಇಲ್ಲ.

ಟವೆಲ್ ಕೊಡವಿಕೊಂಡು ಎದ್ದ ಹಿರಿಯರೊಬ್ಬರಿಗೆ ಮಾತ್ರ ಸಮಾಧಾನವಿಲ್ಲ. "ಇಷ್ಟೇಯಾ? ಇದ್ನ ನೋಡಾಕೆ ಕಾಪಿ ಬುಟ್ಟು ಬಂದ್ನಲ್ಲಾ!"