ಡೀಸೆಲ್ ಸ್ವಿಫ್ಟೂ ಭಾವನ ಲೆಕ್ಕವೂ

2018ರ ಸ್ವಿಫ್ಟ್‌ಗೆ ಹಿಂಬಾಗಿಲಿನ ಹ್ಯಾಂಡಲ್ ಎಲ್ಲರ ಕಾರಿನಲ್ಲಿ ಇರುವ ಜಾಗದಲ್ಲಿ ಇಲ್ಲ. ಕಿಟಕಿಯ ಪಕ್ಕದ ಕಪ್ಪು ಮೂಲೆಯಲ್ಲಿ ಅಡಗಿ ಕೂತಿದೆ. ನೋಡುವವರಿಗೆ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಅನ್ನಿಸಲಿ ಅಂತ ಮಾಡಿದ ಶೋಕಿ. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟ ನಮ್ಮತ್ತೆ ಬಾಗಿಲನ್ನು ಉದ್ದಕ್ಕೂ ತಡವಿ, "ಹತ್ತೋದು ಎಲ್ಲಿಂದನೋ? ಡಿಕ್ಕಿಯಿಂದಾನಾ?" ಅಂದರು. ಆ ಡಿಕ್ಕಿಗೆ ಅತ್ತೆ ಹೋಗಲಿ, ಅತ್ತೆಯ ಸೂಟ್‌ಕೇಸ್ ಹೋದರೆ ದೊಡ್ಡದು. 268 ಲೀಟರ್ ಅಂತೆ. ಅದಕ್ಕಿಂತ ಹಿಂದಿನ, 2011ರ ಮಾಡೆಲ್‌ನಲ್ಲಿ ಬರೀ 204.

ಆದರೂ ನಮ್ಮ ಭಾವನಿಗೆ ಬೇಕಾಗಿರುವುದು ಅದೇ, ಅದೂ ಡೀಸೆಲ್ಲೇ. ಹೊಸದು ಸಿಗುವುದಿಲ್ಲ. ಬಿಎಸ್6 ನಿಯಮ ಬಂದ 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್‌ಗೆ ಕೈಮುಗಿಯಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಬೇಟೆ ನಡೆದಿದೆ.

"ಇಪ್ಪತ್ತೆಂಟು ಕೊಡುತ್ತೆ ಕಣಯ್ಯಾ, ಇಪ್ಪತ್ತೆಂಟು!"

"ಕೊಡುತ್ತೆ ಭಾವ, ಕಂಪನಿ ಕಾಗದದಲ್ಲಿ. ಬನಶಂಕರಿಯಿಂದ ಜಯನಗರಕ್ಕೆ ಹೋಗೋ ನಿಮಗಲ್ಲ."

ಕಾರಿನ ಬಣ್ಣ, ಬ್ರೇಕು, ಏರ್‌ಬ್ಯಾಗು ಯಾವುದನ್ನೂ ಕೇಳದೆ ಮೊದಲು 'ಎಷ್ಟು ಕೊಡುತ್ತೆ' ಅನ್ನುವ ಜನ ನಾವು. ಹಸು ಕೊಳ್ಳುವಾಗ ರೂಢಿಯಾದ ಪ್ರಶ್ನೆ ಇರಬೇಕು.

ಎಂಜಿನ್ ವಿಷಯದಲ್ಲಿ ಮಾತ್ರ ಭಾವನ ಮೂಗು ಸರಿಯಾಗಿಯೇ ವಾಸನೆ ಹಿಡಿದಿದೆ. 1248 ಸಿಸಿಯ ಆ ಎಂಜಿನ್ ಮೂಲದಲ್ಲಿ ಇಟಲಿಯ ಫಿಯೆಟ್‌ನದು. 2007ರಲ್ಲಿ ಸ್ವಿಫ್ಟ್‌ಗೆ ಬಂತು. ಆಮೇಲೆ ರಿಟ್ಜ್, ಡಿಜೈರ್, ಟಾಟಾದ ವಿಸ್ತಾ, ಫಿಯೆಟ್‌ನದೇ ಪುಂಟೊ, ಎಲ್ಲದರ ಬಾನೆಟ್ಟಿನ ಕೆಳಗೂ ಅದೇ. ಊರಿನ ಎಲ್ಲ ಮದುವೆಗೂ ಒಬ್ಬರೇ ಅಡುಗೆ ಭಟ್ಟರು ಇದ್ದ ಹಾಗೆ. ಚಪ್ಪರ ಬೇರೆ, ಸಾರು ಅದೇ. ಕಾರಿನವರು ಅದನ್ನು 'ರಾಷ್ಟ್ರೀಯ ಎಂಜಿನ್' ಅಂತ ತಮಾಷೆ ಮಾಡುತ್ತಿದ್ದರು. ಯಾವ ಗ್ಯಾರೇಜಿನ ಹುಡುಗನೂ ಕಣ್ಣು ಮುಚ್ಚಿ ಬಿಚ್ಚಬಲ್ಲ ಎಂಜಿನ್ನು ಅಂದರೆ ಅದೇ.

ಅದರ ಗುಣವೂ ವಿಚಿತ್ರ. 75 ಹಾರ್ಸ್‌ಪವರ್ ಅಂದರೆ ಏನೂ ಅನ್ನಿಸುವುದಿಲ್ಲ, ಆದರೆ ಎಳೆತ 190 ನ್ಯೂಟನ್ ಮೀಟರ್. ಅದೇ ಕಾಲದ ಪೆಟ್ರೋಲ್ ಸ್ವಿಫ್ಟ್‌ನದು 113. ತೊಂದರೆ ಏನೆಂದರೆ ಈ 190 ಸಿಗುವುದು ಎರಡು ಸಾವಿರ ಆರ್‌ಪಿಎಂ ಮುಟ್ಟಿದ ಮೇಲೆ. ಅಲ್ಲಿಯವರೆಗೆ ಟರ್ಬೊ ನಿದ್ದೆ. ಸಿಲ್ಕ್ ಬೋರ್ಡಿನಲ್ಲಿ ಹಂಪ್ ಹತ್ತಿಸಿ ಸೆಕೆಂಡ್ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ನೋಡಿ. ಗುರ್ರ್ ಅನ್ನುತ್ತದೆ, ಮುಂದೆ ಹೋಗುವುದಿಲ್ಲ. ಹಿಂದಿನ ಆಟೊದವನು ಹಾರ್ನ್ ಹೊಡೆಯುತ್ತಾನೆ. ನೀವು ಗಾಬರಿಯಲ್ಲಿ ಇನ್ನಷ್ಟು ಒತ್ತುತ್ತೀರಿ. ಆಗ ಟರ್ಬೊಗೆ ಎಚ್ಚರವಾಗಿ ಕಾರು ಚಂಗನೆ ನೆಗೆದು ಮುಂದಿನ ಬಿಎಂಟಿಸಿ ಬಸ್ಸಿನ ಬಂಪರಿಗೆ ಮುತ್ತಿಡಲು ಹೋಗುತ್ತದೆ. ದಿನವಿಡೀ ಕ್ಲಚ್ಚು, ಬ್ರೇಕು, ಕ್ಲಚ್ಚು. ಸಂಜೆ ಹೊತ್ತಿಗೆ ಎಡ ಮಂಡಿಗೆ ಎಣ್ಣೆ ನೀವಬೇಕು. ಕ್ಲಚ್ ಕೆಲಸ ತಾನೇ ನೋಡಿಕೊಳ್ಳುವ ಎಎಂಟಿಯೂ 2018ರ ಡೀಸೆಲ್‌ನಲ್ಲಿತ್ತು, ಆದರೆ ಭಾವನಿಗೆ ಗೇರ್ ಬೇಕೇ ಬೇಕು. ಇಲ್ಲದಿದ್ದರೆ ಕಾರು ಓಡಿಸಿದ ಹಾಗಾಗುವುದಿಲ್ಲವಂತೆ.

ಅದೇ ಕಾರನ್ನು ಸಕಲೇಶಪುರ ದಾಟಿಸಿ ಶಿರಾಡಿ ಇಳಿಸಿ, ಮತ್ತೆ ಹತ್ತಿಸಿ. ನಾಲ್ಕು ಜನ, ಒಂದು ಮೂಟೆ ತೆಂಗಿನಕಾಯಿ, ಎಸಿ ಬೇರೆ. ಥರ್ಡ್ ಗೇರಿನಲ್ಲಿ ಗೊಣಗದೆ ಏರುತ್ತದೆ. ಮುಂದಿನ ಟ್ಯಾಂಕರನ್ನು ಹಿಂದೆ ಹಾಕುವಾಗ ಗೇರ್ ಇಳಿಸುವ ತಾಪತ್ರಯವೂ ಕಡಿಮೆ. ಅಲ್ಲಿ ಈ ಕಾರು ಅರಸು. ಬೆಳಗಿನ ಐದಕ್ಕೆ ಸ್ಟಾರ್ಟ್ ಮಾಡಿದರೆ ನೀವು ಊರಿಗೆ ಹೊರಟ ಸುದ್ದಿ ಎದುರುಮನೆಗೂ ಮುಟ್ಟುತ್ತದೆ ಎನ್ನುವುದೊಂದು ಬಿಟ್ಟರೆ.

ಇನ್ನು ದುಡ್ಡಿನ ಮಾತು. 2012ರಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಲೀಟರಿಗೆ ಮೂವತ್ತು ರೂಪಾಯಿಗೂ ಮೀರಿದ ಅಂತರವಿತ್ತು. ಜನ ತಿಂಗಳುಗಟ್ಟಲೆ ಕಾದು ಡೀಸೆಲ್ ಸ್ವಿಫ್ಟ್ ತಂದರು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. ಈಗ ಬೆಂಗಳೂರಿನಲ್ಲಿ ಅಂತರ ಹತ್ತು-ಹನ್ನೆರಡು ರೂಪಾಯಿ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವ ಭಾವ ಉಳಿಸುವುದು ತಿಂಗಳ ಕಾಫಿ ಖರ್ಚು. ಒಂದು ಇಂಜೆಕ್ಟರ್ ಕೈಕೊಟ್ಟರೆ ಆ ಕಾಫಿಯೂ ಕಹಿ.

ನಿನ್ನೆ ಫೋನಿನಲ್ಲಿ ಫೋಟೊ ತೋರಿಸಿದರು. "2013ರ ವಿಡಿಐ, ಬರೀ ನಲವತ್ತೆಂಟು ಸಾವಿರ ಓಡಿದೆ!"

"ಭಾವ, ಓಡಿಸೋಕೆ ಅಂತ್ಲೇ ಒಂದು ಲಕ್ಷ ಜಾಸ್ತಿ ಕೊಟ್ಟು ಡೀಸೆಲ್ ತಗೊಂಡೋನು, ಪೂಜೆ ಮಾಡ್ಕೊಂಡು ಇಟ್ಕೊಂಡಿದ್ನಾ?"

ಮೀಟರು ಹೇಳಿದ್ದನ್ನು ನಂಬಬೇಡಿ, ಸರ್ವಿಸ್ ಹಿಸ್ಟರಿ ಕೇಳಿ. ನೋಂದಣಿಯಾಗಿ ಹದಿನೈದು ವರ್ಷವಾಗುತ್ತಲೇ ಆರ್‌ಟಿಒ ಮೆಟ್ಟಿಲು ಹತ್ತಿ ಆರ್‌ಸಿ ನವೀಕರಿಸಬೇಕು, ಅದನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ. ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡಿಸುವವರು, ವಾರಕ್ಕೊಮ್ಮೆ ಘಾಟಿ ಇಳಿಯುವವರು ಒಳ್ಳೆಯ ಡೀಸೆಲ್ ಸ್ವಿಫ್ಟ್ ಸಿಕ್ಕರೆ ಬಿಡಬೇಡಿ. ಬನಶಂಕರಿ-ಜಯನಗರದವರು ಪೆಟ್ರೋಲ್ ತಗೊಳ್ಳಿ.