ನಾಳೆಯಿಂದ ಸೈಕಲ್ಲು

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರರಲ್ಲಿ ಯಾವ ಊರಿನ ಬಸ್ ಸ್ಟ್ಯಾಂಡಿಗೆ ಹೋದರೂ ಈ ಮಹಾಶಯರ ದರ್ಶನ ತಪ್ಪುವುದಿಲ್ಲ. ವಯಸ್ಸು ನಲವತ್ತರ ಮೇಲೆ, ಕಂಕುಳಲ್ಲಿ ಚೀಲ, ಜೇಬಿನಲ್ಲಿ ಹಳೇ ಟಿಕೆಟ್ಟುಗಳ ಕಂತೆ. ಚಾರ್ಜು ಏರಿದಾಗಲೆಲ್ಲ "ಈ ಬಸ್ಸಿನ ಸಾವಾಸ್ವೇ ಬ್ಯಾಡ ಕನಣ್ಣ, ನಾಳಿಂದ ಸೈಕಲ್ಲೇಯ" ಎಂದು ಘೋಷಿಸುತ್ತಾರೆ. ಘೋಷಿಸಿ ಮುಗಿಯುವುದರೊಳಗೆ ಅದೇ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿರುತ್ತಾರೆ. ಇವರನ್ನು ಜಿಪುಣರೆಂದು ನಗುವವರು ಬಹಳ. ಆದರೆ ಇವರ ಸಿಟ್ಟಿಗೆ ಕಾರಣವಿದೆ, ಲೆಕ್ಕದಲ್ಲೂ ಅರ್ಧ ಸತ್ಯವಿದೆ. ಸೈಕಲ್ಲನ್ನು ಯಾರ ಮೇಲೆ ಛೂ ಬಿಡಬೇಕೆಂಬುದರಲ್ಲಷ್ಟೇ ಎಡವಿದ್ದಾರೆ.

ಮೊದಲು ಸಿಟ್ಟು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ಚಾರ್ಜು ಶೇ. 15ರಷ್ಟು ಏರಿತು. 2020ರ ನಂತರ ಏರಿಸಿರಲಿಲ್ಲ, ಡೀಸೆಲ್ಲು ಏರಿದೆ, ಸಂಬಳ ಏರಿದೆ ಎಂದು ಸರ್ಕಾರ ಹೇಳಿದ್ದು ಸುಳ್ಳೇನಲ್ಲ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹಾಗಾಗಿ ತಾಯಿ, ಹೆಂಡತಿ, ಮಗಳು ಇರುವ ಮನೆಯಲ್ಲಿ ಏರಿದ ಚಾರ್ಜಿನ ಭಾರವೆಲ್ಲ ಇವರೊಬ್ಬರ ಜೇಬಿಗೇ. ಪೇಪರಿನ ಸುದ್ದಿಯನ್ನು ಗಟ್ಟಿಯಾಗಿ ಓದಿದರೂ ಮನೆಯಲ್ಲಿ ಯಾರೂ ತಲೆಯೆತ್ತುವುದಿಲ್ಲ. ಹಾಗಂತ ಶಕ್ತಿಯನ್ನು ಬೈಯುವುದು ಸರಿಯೇ? ಮೂವರ ಚಾರ್ಜು ಉಳಿದು ಮನೆಯ ಒಟ್ಟು ಖರ್ಚು ಇಳಿದಿದೆ. ಆ ಕಾಲಮ್ಮನ್ನು ಮಾತ್ರ ಇವರು ತಮ್ಮ ಡೈರಿಯಲ್ಲಿ ಎಳೆದೇ ಇಲ್ಲ. ಮನೆಯಾಕೆ ಬಿಟ್ಟಿ ಟಿಕೆಟ್ಟಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದು ಕೊಟ್ಟ ಲಾಡನ್ನು ಕಣ್ಣಿಗೊತ್ತಿಕೊಂಡು ತಿನ್ನುವಾಗ ಲೆಕ್ಕಪತ್ರದ ನೆನಪಾಗುವುದಿಲ್ಲ.

ಇನ್ನು ಸೈಕಲ್ ಲೆಕ್ಕ. ದಿನಕ್ಕೆ ಹೋಗಿಬರಲು 40 ರೂಪಾಯಿ ಆಗುತ್ತಿದ್ದದ್ದು 46 ಆಯಿತು ಎಂದಿಟ್ಟುಕೊಳ್ಳಿ. 25 ದಿನಕ್ಕೆ 1,150 ರೂಪಾಯಿ. ಆರು ಸಾವಿರದ ಸೈಕಲ್ ತಂದರೆ ಆರು ತಿಂಗಳೊಳಗೆ ಅಸಲು ಹುಟ್ಟಿತು ಎಂದು ಇವರು ಟಿಕೆಟ್ಟಿನ ಹಿಂದೆ ಬರೆದು ತೋರಿಸುತ್ತಾರೆ. ಕೂಡಿದ್ದು, ಭಾಗಿಸಿದ್ದು ಎಲ್ಲ ಸರಿ. ಆದರೆ ಹನೂರಿನಿಂದ ಕೊಳ್ಳೇಗಾಲಕ್ಕೆ ಹೆಚ್ಚುಕಮ್ಮಿ 25 ಕಿಲೋಮೀಟರ್. ಗಂಟೆಗೆ ಹನ್ನೆರಡರಂತೆ ತುಳಿದರೂ ಹೋಗಿಬರಲು ನಾಲ್ಕು ಗಂಟೆ. ಅಷ್ಟು ತುಳಿದ ಹೊಟ್ಟೆ ಹೋಟೆಲ್ ಮುಂದೆ ಸುಮ್ಮನೆ ದಾಟಿ ಹೋಗುವುದಿಲ್ಲ; ಉಳಿದ 46 ರೂಪಾಯಿ ಇಡ್ಲಿ, ವಡೆ, ಕಾಫಿಯಲ್ಲಿ ಕರಗುತ್ತದೆ. ಟ್ಯೂಬು, ಬ್ರೇಕ್ ಕಟ್ಟೆ, ಪಂಚರ್ ಇನ್ನೂ ಬಾಕಿ. ಯಳಂದೂರಿನವರಿಗೆ ದೂರ ಕಡಿಮೆ ನಿಜ, ಆದರೆ ಅವರ ಪಾಲಿಗೆ ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ 948 ಇದೆ. ಸೈಕಲ್ಲಿಗೆಂದು ಬೇರೆ ದಾರಿ ಬಿಟ್ಟಿರುವ ದೇಶಗಳ ಮಾತನ್ನು ಇಲ್ಲಿ ಎತ್ತಿ ಫಲವಿಲ್ಲ.

"ನಮ್ಮಪ್ಪ ತುಳೀತಿರ್ನಿಲ್ವಾ?" ಎನ್ನುವುದು ಇವರ ಕೊನೆಯ ಅಸ್ತ್ರ. ತುಳಿಯುತ್ತಿದ್ದರು, ಬಸ್ಸು ದಿನಕ್ಕೊಂದೆರಡು ಇದ್ದುದರಿಂದ. ಟಿವಿಎಸ್ ಕೈಗೆಟುಕಿದ ದಿನವೇ ಸೈಕಲ್ಲನ್ನು ಹಿತ್ತಿಲಿಗೆ ಒರಗಿಸಿದರು. ರೈಲಂತೂ ಚಾಮರಾಜನಗರಕ್ಕೇ ನಿಂತಿದೆ, ಈ ಮೂರು ಊರಿಗೂ ಬಸ್ಸೇ ಗತಿ. ಹಾಗಾದರೆ ಸೈಕಲ್ ದಂಡವೇ? ಅಲ್ಲ. ಇದೇ ಮಹಾಶಯರು ಮನೆಯಿಂದ ಬಸ್ ಸ್ಟ್ಯಾಂಡಿನ ಎರಡು ಮೂರು ಕಿಲೋಮೀಟರಿಗೆ ಸ್ಕೂಟರ್ ಏರಿ ಬರುತ್ತಾರೆ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲು, ಮೇಲೆ ಸ್ಕೂಟರ್ ನಿಲ್ಲಿಸಿದ ಬಾಡಿಗೆ, ಎರಡೂ ಡೈರಿಯಲ್ಲಿಲ್ಲ. ಸೈಕಲ್ ಗೆಲ್ಲುವುದು ಅಲ್ಲೇ, ಅದೂ ಬೆವರು ಬರುವ ಮೊದಲೇ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಗಾಳಿಯಿಲ್ಲದೆ ನಿಂತಿವೆ. ಹೊಸದೇ ಬೇಕೆಂದರೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಇವರೋ, ಇನ್ನಷ್ಟು ಇಳಿಯಲೆಂದು ಕಾಯುತ್ತಿದ್ದಾರೆ.

ಆದ್ದರಿಂದ ತೀರ್ಪು ಇಷ್ಟು: ಊರಿಂದೂರಿಗೆ ಬಸ್ಸು, ಮನೆಯಿಂದ ಸ್ಟ್ಯಾಂಡಿಗೆ ಸೈಕಲ್ಲು. ಸ್ಟ್ಯಾಂಡುಗಳಲ್ಲಿ ಬೀಗ ಹಾಕಿ ಸೈಕಲ್ ನಿಲ್ಲಿಸಲು ನೆರಳಿರುವ ಜಾಗವನ್ನು ಕೇಳುವುದು ನ್ಯಾಯವಾದ ಬೇಡಿಕೆ. ಅದಕ್ಕೆ ಅರ್ಜಿ ಬರೆಯುವುದಾದರೆ ಮೊದಲ ಸಹಿ ನಮ್ಮ ಮಹಾಶಯರದೇ ಇರಲಿ. ನಾಳೆಯಿಂದ ಅಲ್ಲ, ಇವತ್ತೇ.