ಹಸಿರು ಸಮಿತಿಗೆ ದೋಣಿಮಲೈಯಿಂದ ಅಭಿನಂದನೆ

ಗೆ,
ಅಧ್ಯಕ್ಷರು, ಹಸಿರು ಲೆಕ್ಕಪರಿಶೋಧನಾ ಸಮಿತಿ
(ವಿಶ್ವವಿದ್ಯಾಲಯದ ಹೆಸರು ಬರೆದಿಲ್ಲ. ವಿಶ್ವವಿದ್ಯಾಲಯಗಳಿಗೆ ಅಂಕ ಕೊಡುವ ನ್ಯಾಕ್ ತಂಡ ಬರುವ ದಿನಾಂಕ ಯಾರಿಗೆ ಗೊತ್ತಾಗಿದೆಯೋ ಅವರೇ ತೆಗೆದು ಓದಿಕೊಳ್ಳಬಹುದು.)

ಮಾನ್ಯರೇ,

ತಮ್ಮ ಪರಿಸರ ವರದಿ ಓದಿ ದೋಣಿಮಲೈಯವರಾದ ನಾವು ಧನ್ಯರಾದೆವು. ನ್ಯಾಕ್‌ನ ಏಳನೇ ಮಾನದಂಡ ಕೇಳಿದ್ದೆಲ್ಲ ಅದರಲ್ಲಿದೆ: ವಾಹನ ನಿರ್ಬಂಧ, ಪಾದಚಾರಿ ದಾರಿ, ಎಲ್‌ಇಡಿ ದೀಪ, ಪ್ಲಾಸ್ಟಿಕ್ ನಿಷೇಧ ಸಾರುವ ಫ್ಲೆಕ್ಸು. ಕಾಗದರಹಿತ ಕಚೇರಿಗೆ ಪುರಾವೆಯಾಗಿ ಲಗತ್ತಿಸಿದ ಜೆರಾಕ್ಸ್ ಪ್ರತಿಗಳನ್ನು ಹೊರಲು ಇಬ್ಬರು ಅಟೆಂಡರ್ ಬೇಕಾದರಂತೆ. ಕ್ಯಾಂಟೀನಿನ ಕಾಗದದ ಲೋಟಗಳನ್ನು ಎಣಿಸಿದ ಸಹಾಯಕ ಪ್ರಾಧ್ಯಾಪಕರಿಗೆ ಬಡ್ತಿ ಸಿಗಲಿ.

ನಮ್ಮದು ಬಳ್ಳಾರಿ ಜಿಲ್ಲೆಯ ಅದಿರಿನ ಊರು. 1977ರಿಂದ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಇಲ್ಲಿ ಗುಡ್ಡ ಅಗೆಯುತ್ತಿದೆ. ನಮಗೆ ಬರುವುದು ಟನ್ನಿನ ಲೆಕ್ಕ, ಲೋಟದ್ದು ಬಾರದು. ಹಾಗಾಗಿ ಒಂದು ದಡ್ಡ ಪ್ರಶ್ನೆ: ನಿಮ್ಮ ಹೊಸ ಆಡಳಿತ ಭವನದ ಕಂಬಿ ಯಾವ ಪುಟದಲ್ಲಿದೆ? ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಊದುಕುಲುಮೆಯಲ್ಲಿ ಅದನ್ನು ಕಾಯಿಸಿ ಇಳಿಸುವಷ್ಟರಲ್ಲಿ ಎರಡು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ನಮ್ಮ ಸೀಮೆಯ ಅದಿರು ತೋರಣಗಲ್ಲಿಗೆ ಹೋಗಿ ಉಕ್ಕಾಗುತ್ತದೆ, ಅಲ್ಲಿಂದ ಲಾರಿ ಹತ್ತುತ್ತದೆ, ನಿಮ್ಮ ಗೇಟು ದಾಟಿದ ಕೂಡಲೇ ಹಸಿರು ಕಟ್ಟಡವಾಗುತ್ತದೆ! ಆನೆ ಕದ್ದರೂ ಕಳ್ಳ, ಅಡಿಕೆ ಕದ್ದರೂ ಕಳ್ಳ ಅನ್ನುತ್ತಾರೆ. ತಾವು ಅಡಿಕೆಯನ್ನು ಬಹಳ ನಿಷ್ಠೆಯಿಂದ ತೂಗಿದ್ದೀರಿ.

ವರದಿಯಲ್ಲಿ ದೀಪಗಳ ಸಂಖ್ಯೆ ಇದೆ, ಕರೆಂಟಿನ ಯೂನಿಟ್ಟಿನ ಸಂಖ್ಯೆ ಇಲ್ಲ. ನಮ್ಮ ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟೊಂದಕ್ಕೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಜೆಸ್ಕಾಂನ ಕರೆಂಟು ಬಿಲ್ಲು ತೆಗೆದು ಗುಣಿಸಿದರೆ ಮುಗಿಯಿತು, ಇದಕ್ಕೆ ಪಿಎಚ್‌ಡಿ ಬೇಡ. ಹೊಗೆ ನಿಮಗೆ ಕಾಣದು, ನಿಜ. ಅದು ಕುಡತಿನಿಯ 1,700 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದಂಥ ಕಡೆ ಏಳುತ್ತದೆ, ಮತ್ತು ಕುಡತಿನಿ ನ್ಯಾಕ್ ವ್ಯಾಪ್ತಿಗೆ ಬರುವುದಿಲ್ಲ. ಇನ್ನು, ಗೇಟಿನ ಹೊರಗೆ ನಿಲ್ಲಿಸಿದ ಬೈಕು ಬರುವಾಗ ಪೆಟ್ರೋಲು ಕುಡಿದಿರಲಿಲ್ಲ ಎಂಬ ತಮ್ಮ ಸಂಶೋಧನೆಗೆ ಪೇಟೆಂಟ್ ಮಾಡಿಸಿ.

ಸುತ್ತಲಿನ ಅಕ್ರಮ ಗಣಿಯವರೂ ಹೀಗೇ ಬೇಕಾದ್ದನ್ನಷ್ಟೇ ಎಣಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿ, ಆಮೇಲೆ ವರ್ಷಕ್ಕಿಷ್ಟೇ ಟನ್ ಎಂದು ಮಿತಿ ಹಾಕಬೇಕಾಯಿತು. ನಿಮಗೆ ಅಂಥ ಕಷ್ಟ ಇಲ್ಲ. ನಿಮಗಿರುವುದು ಅಂಕ.

ಸಸಿಗಳ ವಿಷಯ. 2024ರಲ್ಲಿ ಸಂಡೂರಿನ ದೇವದಾರಿ ಗಣಿಗಾಗಿ ನಾನೂರು ಹೆಕ್ಟೇರಿಗೂ ಹೆಚ್ಚು ಕಾಡಿನಲ್ಲಿ 99 ಸಾವಿರ ಚಿಲ್ಲರೆ ಮರ ಉರುಳಲಿವೆ ಎಂಬ ಸುದ್ದಿ ಬಂದು ಇಲ್ಲಿನ ಜನ ಕೂಗಾಡಿದರು. ಆ ಹೊತ್ತಿಗೆ ತಾವು ಅತಿಥಿಗಳು ನೆಟ್ಟ ಸಸಿಗಳ ಫೋಟೋಗೆ ಜಿಯೋಟ್ಯಾಗ್ ಹಾಕುವುದರಲ್ಲಿದ್ದಿರಿ. ತೊಂದರೆ ಕೊಡಬಾರದೆಂದು ನಾವೂ ಕರೆಯಲಿಲ್ಲ.

ಇಷ್ಟು ಹೇಳಿ ಒಂದು ಬಿನ್ನಹ. ಕಟ್ಟಡಕ್ಕೊಂದು ಮೀಟರ್ ಹಾಕಿಸಿ, ತಿಂಗಳ ಯೂನಿಟ್ಟನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಿಸಿ. ಹುಡುಗರು ಯಾವ ಊರಿಂದ ಯಾವುದರಲ್ಲಿ ಬರುತ್ತಾರೆಂದು ಕೇಳಿ, ಆ ದಾರಿಗೆ ಬಸ್ ಹಾಕಿಸಿ. ಮುಖ್ಯವಾಗಿ, ಸೋರುವ ಹಳೇ ಕಟ್ಟಡ ರಿಪೇರಿ ಮಾಡಿಸಿಕೊಂಡು ಮುಂದಿನ ಶಂಕುಸ್ಥಾಪನೆ ಕೈಬಿಡಿ. ಅಷ್ಟು ಅದಿರು ಗುಡ್ಡದಲ್ಲೇ ಉಳಿಯುತ್ತದೆ. ಉಳಿದ ಗುಡ್ಡದ ಜಿಯೋಟ್ಯಾಗ್ ಫೋಟೋ ನಾವೇ ಕಳಿಸಿಕೊಡುತ್ತೇವೆ.

ಇಂತಿ,
ದೋಣಿಮಲೈ ನಿವಾಸಿ